ಪೆಟ್ರೋಲ್ ಕಾರಿಗೆ ಗ್ಯಾಸ್ ಕಿಟ್: ಹಾಕಿಸುವ ಮುಂಚೆ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನಲ್ಲಿ ಗ್ಯಾಸ್ ಗಾಡಿ ಅಂದರೆ ಮೊದಲು ಕಣ್ಣಿಗೆ ಬರುವುದು ಆಟೊ. ನಮ್ಮ ಆಟೊಗಳು ಎಲ್‌ಪಿಜಿಗೆ ಬಂದು ಎಷ್ಟೋ ವರ್ಷಗಳಾದವು. ಸಿಲ್ಕ್ ಬೋರ್ಡು, ಹೆಬ್ಬಾಳ, ಟಿನ್ ಫ್ಯಾಕ್ಟರಿ ಅಂತ ದಿನವಿಡೀ ಟ್ರಾಫಿಕ್ಕಿನಲ್ಲಿ ತೆವಳುವ ಚಾಲಕರಿಗೆ ಅದರಿಂದ ನಾಲ್ಕು ಕಾಸು ಉಳಿಯುತ್ತದೆ. ಅದನ್ನು ನೋಡಿ ಕಾರು ಇಟ್ಟುಕೊಂಡವರೂ ಕೇಳುತ್ತಾರೆ, ನಮ್ಮ ಪೆಟ್ರೋಲ್ ಕಾರಿಗೂ ಗ್ಯಾಸ್ ಹಾಕಿಸಬಹುದಾ ಅಂತ. ಹಾಕಿಸಬಹುದು. ಕಾನೂನೂ ಒಪ್ಪುತ್ತದೆ, ಎಂಜಿನ್ನೂ ಒಪ್ಪುತ್ತದೆ. 2006ರಲ್ಲಿ ಮಾರುತಿಯವರು ವ್ಯಾಗನ್ ಆರ್ ಡ್ಯುಯೊ ಕಾರನ್ನು ಕಾರ್ಖಾನೆಯಲ್ಲೇ ಗ್ಯಾಸ್ ಕೂರಿಸಿ ಮಾರಿದ್ದರು. ಆದರೆ ಹೊರಗೆ ಹಾಕಿಸುವಾಗ ಎಲ್ಲವೂ ನಿಂತಿರುವುದು ಫಿಟ್ಟಿಂಗ್ ಮೇಲೆ. ಇವತ್ತು ನಾನು ಮುಖ್ಯವಾಗಿ ಹೇಳಬೇಕಾಗಿರುವುದು ಅದನ್ನೇ.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ಒಂದು ಲೀಟರ್ ಗ್ಯಾಸಿನಲ್ಲಿ ಒಂದು ಲೀಟರ್ ಪೆಟ್ರೋಲಿನಷ್ಟು ಶಕ್ತಿ ಇರುವುದಿಲ್ಲ. ಪೆಟ್ರೋಲಿನಲ್ಲಿ ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು ಗ್ಯಾಸಿನಲ್ಲಿ 12ರ ಹತ್ತಿರ ಕೊಡುತ್ತದೆ. ಲೆಕ್ಕ ಸುಲಭವಾಗಲಿ ಅಂತ ಪೆಟ್ರೋಲ್ 100 ರೂಪಾಯಿ, ಗ್ಯಾಸ್ 60 ರೂಪಾಯಿ ಎಂದಿಟ್ಟುಕೊಳ್ಳಿ. ಕಿಲೋಮೀಟರಿಗೆ ಪೆಟ್ರೋಲಿನಲ್ಲಿ ಸುಮಾರು 6 ರೂಪಾಯಿ 65 ಪೈಸೆ, ಗ್ಯಾಸಿನಲ್ಲಿ 5 ರೂಪಾಯಿ. ಉಳಿಯುವುದು ಒಂದೂಮುಕ್ಕಾಲು ರೂಪಾಯಿಗೂ ಕಡಿಮೆ. ಕಿಟ್ಟು, ಫಿಟ್ಟಿಂಗು ಸೇರಿ 40,000 ಆಯಿತು ಅನ್ನಿ. ಆ ದುಡ್ಡು ವಾಪಸ್ ಬರಲು 24,000 ಕಿಲೋಮೀಟರ್ ಓಡಬೇಕು. ವೈಟ್‌ಫೀಲ್ಡ್‌ಗೆ ದಿನಾ ಹೋಗಿಬಂದು ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರಿಗೆ ಎರಡು ವರ್ಷ. ತಿಂಗಳಿಗೆ ಮುನ್ನೂರು ಓಡಿಸುವವರಿಗೆ ಆರೂವರೆ ವರ್ಷ ದಾಟುತ್ತದೆ. ಅಂಥವರಿಗೆ ಬೇಡ ಅಂತಲೇ ನಾನು ಹೇಳುತ್ತೇನೆ. ದರ ಮಾತ್ರ ನಿಮ್ಮ ಹತ್ತಿರದ ಬಂಕಿನದು ಹಾಕಿಕೊಳ್ಳಿ. ನಮ್ಮ ದೇಶದಲ್ಲಿ ಬಳಸುವ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುವಂಥದ್ದು. ಹಾಗಾಗಿ ದರ ಏರುತ್ತಲೂ ಇಳಿಯುತ್ತಲೂ ಇರುತ್ತದೆ. ಗ್ಯಾಸಿನ ದರ ಪೆಟ್ರೋಲಿನ ದರದ ನೂರಕ್ಕೆ ಎಂಬತ್ತು ಭಾಗ ಮುಟ್ಟಿತೆಂದರೆ ಉಳಿತಾಯವೇ ಇಲ್ಲ.

ಇನ್ನೊಂದು ವಿಷಯ ಇದೆ, ಇದನ್ನು ಮಾರುವವರು ಬಿಡಿಸಿ ಹೇಳುವುದಿಲ್ಲ. ಕಾರು ಸ್ಟಾರ್ಟ್ ಆಗುವುದು ಪೆಟ್ರೋಲಿನಲ್ಲೇ. ಟ್ಯಾಂಕಿನಲ್ಲಿ ಗ್ಯಾಸು ಒತ್ತಡದಲ್ಲಿ ದ್ರವವಾಗಿ ಇರುತ್ತದೆ. ಅದು ಎಂಜಿನ್ ಪಕ್ಕದ ರೆಡ್ಯೂಸರ್‌ಗೆ ಬಂದು, ಅಲ್ಲಿ ಹರಿಯುವ ಬಿಸಿ ಕೂಲೆಂಟ್‌ನಿಂದ ಶಾಖ ತೆಗೆದುಕೊಂಡು ಆವಿಯಾಗಬೇಕು. ಎಂಜಿನ್ ಬಿಸಿಯಾಗುವ ತನಕ ಗ್ಯಾಸಿಗೆ ಬದಲಾಗುವುದಿಲ್ಲ. ಮಕ್ಕಳನ್ನು ಶಾಲೆಗೆ ಬಿಟ್ಟು, ತರಕಾರಿ ತಂದು, ಅಷ್ಟಕ್ಕೇ ಕಾರು ತೆಗೆಯುವ ಮನೆಯಲ್ಲಿ ಅರ್ಧ ದಾರಿ ಪೆಟ್ರೋಲಿನಲ್ಲೇ ಮುಗಿದಿರುತ್ತದೆ. ಗ್ಯಾಸ್ ಇದೆಯಲ್ಲ ಅಂತ ಪೆಟ್ರೋಲ್ ಟ್ಯಾಂಕ್ ಖಾಲಿ ಬಿಡುವುದೂ ಸರಿಯಲ್ಲ. ಈಗಿನ ಕಾರುಗಳಲ್ಲಿ ಪೆಟ್ರೋಲ್ ಪಂಪ್ ಟ್ಯಾಂಕಿನ ಒಳಗೇ ಇರುತ್ತದೆ, ಅದು ತಣ್ಣಗಿರುವುದು ಪೆಟ್ರೋಲಿನಿಂದಲೇ. ಒಣಗಿದ ಟ್ಯಾಂಕಿನಲ್ಲಿ ಓಡಿದರೆ ಪಂಪ್ ಸುಟ್ಟುಹೋಗುತ್ತದೆ. ಕಾಲು ಟ್ಯಾಂಕಾದರೂ ಇರಲಿ.

ಪ್ಲಗ್ಗು, ಪ್ಲಗ್ ವೈರು ಹಳೆಯದಾಗಿದ್ದರೆ ಕಿಟ್ ಹಾಕಿಸುವ ಮುಂಚೆಯೇ ಬದಲಾಯಿಸಿ. ಗ್ಯಾಸ್ ಹೊತ್ತಿಕೊಳ್ಳಲು ಇನ್ನೂ ಬಲವಾದ ಕಿಡಿ ಬೇಕು. ಪೆಟ್ರೋಲಿನಲ್ಲಿ ಹೇಗೋ ನಡೆಯುತ್ತಿದ್ದ ಸವೆದ ಪ್ಲಗ್ಗು ಗ್ಯಾಸಿನಲ್ಲಿ ಕೈಕೊಡುತ್ತದೆ. ಗ್ಯಾಸನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್ನಿಗೆ ಕಳಿಸುವ ಮಿಕ್ಸರ್ ಹಾಕುವ ಹಳೇ ಮಾದರಿಯ ಕಿಟ್ಟಿನಲ್ಲಿ ಇದರಿಂದ ಬ್ಯಾಕ್‌ಫೈರ್ ಆಗಿ ಏರ್ ಫಿಲ್ಟರ್ ಡಬ್ಬಿಯೇ ಒಡೆಯುವುದುಂಟು. ಎಂಪಿಎಫ್‌ಐ ಎಂಜಿನ್ ಇದ್ದರೆ, ಅಂದರೆ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಎಂಜಿನ್ ಆದರೆ, ಅದರ ಒಂದೊಂದು ಸಿಲಿಂಡರಿಗೂ ಪ್ರತ್ಯೇಕ ಇಂಜೆಕ್ಟರ್ ಇರುವ ಸೀಕ್ವೆನ್ಷಿಯಲ್ ಕಿಟ್ಟನ್ನೇ ಹಾಕಿಸಿ. ಬೆಲೆ ಜಾಸ್ತಿ, ಆದರೆ ಅಲ್ಲಿ ಉಳಿಸಲು ಹೋಗಬೇಡಿ. ಪಿಕಪ್ ಸ್ವಲ್ಪ ಕಡಿಮೆಯಾಗುತ್ತದೆ. ನಾಲ್ಕು ಜನ ಕೂತು ನಂದಿ ಬೆಟ್ಟ ಹತ್ತುವಾಗ ಗೊತ್ತಾಗುತ್ತದೆ, ಊರೊಳಗೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಈಗ ಟ್ಯಾಂಕಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ.

ಎಲ್‌ಪಿಜಿ ಗಾಳಿಗಿಂತ ಭಾರ. ಸಿಎನ್‌ಜಿ ಸೋರಿದರೆ ಮೇಲಕ್ಕೆ ಹೋಗಿ ಚದುರುತ್ತದೆ. ಎಲ್‌ಪಿಜಿ ಹಾಗಲ್ಲ, ಅದು ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹೋಗುತ್ತದೆ. ಡಿಕ್ಕಿಯ ತಳ, ಸೀಟಿನ ಕೆಳಗೆ, ನೆಲಮಾಳಿಗೆಯ ಪಾರ್ಕಿಂಗು, ಇಂಥ ಕಡೆ ನಿಂತುಬಿಡುತ್ತದೆ. ಹಾಗಾಗಿ ಒಳ್ಳೆಯ ಫಿಟ್ಟಿಂಗಿನಲ್ಲಿ ಟ್ಯಾಂಕಿನ ಮಲ್ಟಿವಾಲ್ವ್, ಅಂದರೆ ಗ್ಯಾಸ್ ತುಂಬುವ, ಹೊರಗೆ ಬಿಡುವ ವಾಲ್ವುಗಳೆಲ್ಲ ಸೇರಿರುವ ಭಾಗದ ಸುತ್ತ ಗಾಳಿ ಆಡದಂತೆ ಒಂದು ಡಬ್ಬಿ ಇರುತ್ತದೆ. ಅದರಿಂದ ಕೊಳವೆಗಳು ಕಾರಿನ ತಳಕ್ಕೆ, ಹೊರಗೆ ಹೋಗಿರುತ್ತವೆ. ಸೋರಿದ ಗ್ಯಾಸ್ ಜನ ಕೂರುವ ಜಾಗಕ್ಕೆ ಬಾರದೆ ರಸ್ತೆಗೆ ಹೋಗಲಿ ಅಂತ. ಗಾಡಿ ವಾಪಸ್ ತೆಗೆದುಕೊಳ್ಳುವಾಗ ಈ ಕೊಳವೆ ಎಲ್ಲಿ ಹೊರಗೆ ಬಂದಿದೆ ತೋರಿಸಿ ಅಂತ ಕೇಳಿ. ಬಗ್ಗಿ ನೋಡಿ. ಜಾಯಿಂಟುಗಳಿಗೆ ನಿಮ್ಮ ಎದುರೇ ಸೋಪಿನ ನೀರು ಹಚ್ಚಿಸಿ. ಸ್ಟೆಪ್ನಿ ಜಾಗದಲ್ಲಿ ಕೂರುವ ದುಂಡು ಟ್ಯಾಂಕ್ ಆದರೂ ಅಷ್ಟೇ, ಸೀಟಿನ ಹಿಂದೆ ಅಡ್ಡ ಕೂರುವ ಉದ್ದ ಟ್ಯಾಂಕ್ ಆದರೂ ಅಷ್ಟೇ.

ಬಂಕಿನಲ್ಲಿ ಕೆಲವರು ಜಗಳಕ್ಕೆ ನಿಲ್ಲುತ್ತಾರೆ: 60 ಲೀಟರ್ ಟ್ಯಾಂಕಿಗೆ 48 ಲೀಟರೇ ಹಿಡಿಸಿತು ಅಂತ. ಅದು ಮೋಸವಲ್ಲ. ಬಿಸಿಲಿಗೆ ದ್ರವ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಹಾಗಾಗಿ ನೂರಕ್ಕೆ ಎಂಬತ್ತು ತುಂಬಿದ ಕೂಡಲೇ ವಾಲ್ವ್ ತಾನಾಗಿ ಮುಚ್ಚಿಕೊಳ್ಳುತ್ತದೆ.

ಅಡುಗೆ ಸಿಲಿಂಡರಿನಲ್ಲಿ ಇದು ಯಾವುದೂ ಇಲ್ಲ. ನೂರಕ್ಕೆ ಎಂಬತ್ತು ತುಂಬಿದಾಗ ತಾನಾಗಿ ಮುಚ್ಚುವ ವಾಲ್ವ್ ಇಲ್ಲ, ಪೈಪ್ ಒಡೆದರೆ ಗ್ಯಾಸ್ ತಡೆಯುವ ವ್ಯವಸ್ಥೆ ಇಲ್ಲ, ಗುದ್ದಿದರೆ ಅಲುಗಾಡದಂತೆ ಚಾಸಿಗೆ ಕಟ್ಟುವ ಬಿಗಿ ಇಲ್ಲ. ಅದು ಒಲೆಯ ಪಕ್ಕ ನೆಟ್ಟಗೆ ನಿಂತು ಕೆಲಸ ಮಾಡಲು ತಯಾರಾದದ್ದು. ಮನೆಯ 14.2 ಕೆಜಿ ಸಿಲಿಂಡರನ್ನು ಗಾಡಿಗೆ ಬಳಸುವುದು ಅಪರಾಧ. ವಾಹನಗಳಲ್ಲಿ ಎಲ್‌ಪಿಜಿ ಬಳಕೆಗೆ ಅಂತಲೇ 2001ರಲ್ಲಿ ಕೇಂದ್ರ ಸರ್ಕಾರದ ಆದೇಶ ಬಂದಿದೆ. ಆದರೂ ಹಳೇ ವ್ಯಾನುಗಳಲ್ಲಿ ಸೀಟಿನ ಕೆಳಗೆ ಸಿಲಿಂಡರ್ ಮಲಗಿಸಿ, ರಬ್ಬರ್ ಟ್ಯೂಬ್ ಸಿಕ್ಕಿಸಿ ಓಡಿಸುವವರು ಇದ್ದರು. ಅಂಥ ವ್ಯಾನಿನಲ್ಲಿ ಶಾಲೆ ಮಕ್ಕಳನ್ನು ಕೂರಿಸುತ್ತಿದ್ದರು ಎಂಬುದನ್ನು ನೆನೆದರೆ ಹೊಟ್ಟೆ ಕಿವುಚುತ್ತದೆ. ನಿಮ್ಮ ಮಗು ವ್ಯಾನಿನಲ್ಲಿ ಹೋಗುತ್ತಿದ್ದರೆ ಒಂದು ದಿನ ಬೆಳಿಗ್ಗೆ ಡ್ರೈವರ್ ಹತ್ತಿರ, "ಅಣ್ಣಾ, ಗಾಡಿ ಯಾವುದರಲ್ಲಿ ಓಡುತ್ತೆ? ಸ್ವಲ್ಪ ಹಿಂದುಗಡೆ ತೋರಿಸಿ" ಅಂತ ಕೇಳಿ. ಸಂಕೋಚ ಬೇಡ. ಸರಿಯಾಗಿ ಇಟ್ಟುಕೊಂಡವರು ತೋರಿಸುತ್ತಾರೆ.

ಕಾರಿನೊಳಗೆ ಗ್ಯಾಸ್ ವಾಸನೆ ಬಂದರೆ ಮೊದಲು ಎಂಜಿನ್ ಆಫ್ ಮಾಡಿ. ಎಲ್ಲರನ್ನೂ ಇಳಿಸಿ, ಬಾಗಿಲು, ಡಿಕ್ಕಿ ತೆರೆದಿಡಿ. ಟ್ಯಾಂಕಿನ ಮೇಲೆ ಕೈಯಲ್ಲಿ ತಿರುಗಿಸುವ ವಾಲ್ವ್ ಇರುತ್ತದೆ, ಅದನ್ನು ಮುಚ್ಚಿ. ಮತ್ತೆ ಸ್ಟಾರ್ಟ್ ಮಾಡಿ ನೋಡುವುದು, ಲೈಟ್ ಹಾಕಿ ಹುಡುಕುವುದು ಬೇಡವೇ ಬೇಡ. ಆ ವಾಲ್ವ್ ಎಲ್ಲಿದೆ, ಯಾವ ಕಡೆ ತಿರುಗಿಸಬೇಕು ಎಂಬುದು ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ ಗೊತ್ತಿರಲಿ.

ಕಾಗದಪತ್ರದ ಮಾತು. ಕಿಟ್ಟಿಗೆ ಪುಣೆಯ ಎಆರ್‌ಎಐ ಅಥವಾ ಮಾನೇಸರದ ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆಯ ಮಂಜೂರಾತಿ ಇರಬೇಕು. ಆ ಮಂಜೂರಾತಿ ನಿಮ್ಮ ಎಂಜಿನ್ನಿನ ಸಿಸಿಗೆ, ನಿಮ್ಮ ಕಾರಿನ ಬಿಎಸ್ ಹಂತಕ್ಕೆ, ಅಂದರೆ ಹೊಗೆಯ ಮಾಲಿನ್ಯದ ಮಾನದಂಡಕ್ಕೆ, ಹೊಂದಬೇಕು. ಬಿಎಸ್ 6 ಪೆಟ್ರೋಲ್ ಕಾರುಗಳಿಗೂ ಗ್ಯಾಸ್ ಹಾಕಿಸಲು 2022ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ದಾರಿ ಮಾಡಿಕೊಟ್ಟಿತು. ಆದರೆ ಹಳೇ ಕಾರಿನ ಮಂಜೂರಾತಿ ತೋರಿಸಿ ಹೊಸ ಕಾರಿಗೆ ಹಾಕಿದರೆ ಆಗುವುದಿಲ್ಲ. ಹಾಕಿಸಿದ ಮೇಲೆ ಆರ್‌ಟಿಒದಲ್ಲಿ ಆರ್‌ಸಿಗೆ ಇಂಧನ ಬದಲಾವಣೆ ಸೇರಿಸಿಕೊಳ್ಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೇಳುವುದು ಇದನ್ನೇ. ಜಯನಗರವೋ ರಾಜಾಜಿನಗರವೋ, ನಿಮ್ಮ ಗಾಡಿ ಯಾವ ಕಚೇರಿಗೆ ಸೇರಿದೆಯೋ ಅಲ್ಲಿ. ವಿಮೆ ಕಂಪನಿಗೂ ತಿಳಿಸಿ, ಪ್ರೀಮಿಯಂ ಸ್ವಲ್ಪ ಏರುತ್ತದೆ. ಇದನ್ನು ಮಾಡದೆ ಬಿಟ್ಟರೆ ಅಪಘಾತ ಆದಾಗ ಕ್ಲೇಮಿಗೆ ತಕರಾರು ಬರುತ್ತದೆ. ಹೊಸ ಕಾರಾದರೆ ಕಂಪನಿಯ ವಾರಂಟಿ ಏನಾಗುತ್ತದೆ ಅಂತ ಮುಂಚೆಯೇ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಡಿಕ್ಕಿಯಲ್ಲಿ ಗ್ಯಾಸ್ ಟ್ಯಾಂಕ್ ಕಂಡರೆ ಆರ್‌ಸಿಯಲ್ಲಿ ಪೆಟ್ರೋಲ್ ಜೊತೆ ಎಲ್‌ಪಿಜಿ ಅಂತ ಇದೆಯಾ ನೋಡಿ. ಆಮೇಲೆ ಟಾರ್ಚ್ ಹಿಡಿದು ಟ್ಯಾಂಕನ್ನು ನೋಡಿ. ಅದರ ಮೇಲೆ ನಂಬರು, ತಿಂಗಳು, ವರ್ಷ ಕೆತ್ತಿರುತ್ತಾರೆ. ಐದು ವರ್ಷಕ್ಕೊಮ್ಮೆ ಟ್ಯಾಂಕನ್ನು ಬಿಚ್ಚಿಸಿ ಪರೀಕ್ಷೆ ಮಾಡಿಸಬೇಕು, ಅದರ ಸರ್ಟಿಫಿಕೇಟ್ ಕೇಳಿ. ಮಾರುವವರ ಹತ್ತಿರ ಅದಿಲ್ಲದಿದ್ದರೆ ಪರೀಕ್ಷೆಯ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಪರೀಕ್ಷೆ ಆಗುವ ತನಕ ಕಾರನ್ನು ಪೆಟ್ರೋಲಿನಲ್ಲೇ ಓಡಿಸಿ.

ನಮಸ್ಕಾರ.