ಮರುಭೂಮಿಯ ಮಳೆಗೆ ನಮ್ಮೂರ ಲೆಕ್ಕ ಬೇಡ

ಕೇಳುಗರೇ, ನಮಸ್ಕಾರ.

ಮಂಗಳೂರು, ಉಡುಪಿ ಕಡೆ ಗಲ್ಫಿನಲ್ಲಿ ತಮ್ಮವರು ಒಬ್ಬರಾದರೂ ಇಲ್ಲದ ಕುಟುಂಬ ಸಿಗುವುದು ಕಷ್ಟ. ಅಲ್ಲಿ ಜೋರು ಮಳೆ ಎಂದು ಫೋನ್ ಬಂದರೆ ನಮ್ಮ ಬಾಯಲ್ಲಿ ಬರುವುದು ಒಂದೇ ಮಾತು: "ಅಷ್ಟು ಮಳೆ ಇಲ್ಲಿ ಆಟಿ ತಿಂಗಳಲ್ಲಿ ದಿನಾ ಬರ್ತದೆ ಮಾರಾಯ." ದಯವಿಟ್ಟು ಈ ಮಾತು ಬಿಡೋಣ. ಕೇಳಿದವರು ಧೈರ್ಯ ಮಾಡಿ ಕಾರು ತೆಗೆದರೆ ಜೀವಕ್ಕೇ ಅಪಾಯ.

ದುಬೈಗೆ ಇಡೀ ವರ್ಷದಲ್ಲಿ ಬೀಳುವ ಮಳೆ ಸಾಮಾನ್ಯವಾಗಿ 100 ಮಿಲಿಮೀಟರ್ ಕೂಡ ಇಲ್ಲ. ನಮ್ಮ ಕರಾವಳಿಗೆ 3,500ಕ್ಕೂ ಜಾಸ್ತಿ. ಆದರೆ 2024ರ ಏಪ್ರಿಲ್ 16ರಂದು, ದುಬೈ ಇರುವ ಯುಎಇ ದೇಶದ ಅಲ್ ಐನ್ ಪ್ರದೇಶದ ಒಂದು ಕಡೆ 24 ಗಂಟೆಯೊಳಗೆ 254 ಮಿಲಿಮೀಟರ್ ಸುರಿಯಿತು. 1949ರಲ್ಲಿ ದಾಖಲೆ ಇಡಲು ಶುರು ಮಾಡಿದ ಮೇಲೆ ಅಂಥ ಮಳೆ ಆ ದೇಶ ಕಂಡಿರಲಿಲ್ಲ. ದುಬೈ ವಿಮಾನ ನಿಲ್ದಾಣದಲ್ಲೇ ನೀರು ನಿಂತಿತು. ಮೋಡ ಬಿತ್ತನೆಯಿಂದ ಹೀಗಾಯಿತು ಎಂಬ ಸುದ್ದಿಯೂ ಹರಡಿತ್ತು. ಅಲ್ಲಿನ ಹವಾಮಾನ ಕೇಂದ್ರ ಅದನ್ನು ಅಲ್ಲಗಳೆಯಿತು.

ಒಂದೇ ಕಡೆ ಅಷ್ಟು ಮಳೆ ಹೇಗೆ ಸುರಿಯುತ್ತದೆ? ಗುಡುಗು ಮಳೆಯ ಮೋಡವನ್ನು ಮುಂದಕ್ಕೆ ತಳ್ಳುವುದು ಮೇಲಿನ ಗಾಳಿ. ಗಾಳಿ ಬಲವಾಗಿದ್ದರೆ ಮಳೆ ಬೇಗ ದಾಟಿ ಹೋಗುತ್ತದೆ. ಗಾಳಿ ಸಡಿಲವಾದರೆ ಮೋಡ ನಿಂತಲ್ಲೇ ಸುರಿಯುತ್ತದೆ. ಕೆಲವು ಸಲ ಒಂದು ಮೋಡ ಹೋಗುತ್ತಿದ್ದಂತೆ ಅದೇ ಜಾಗಕ್ಕೆ ಮತ್ತೊಂದು ಬರುತ್ತದೆ.

ಮರಳು ನೀರು ಕುಡಿಯುವುದಿಲ್ಲವಾ ಎಂದು ಕೇಳಬಹುದು. ಸಡಿಲ ಮರಳು ಕುಡಿಯುತ್ತದೆ. ಆದರೆ ಮರುಭೂಮಿಯೆಲ್ಲ ಮರಳಲ್ಲ. ಒಮಾನಿನ ಹಜರ್ ಬೆಟ್ಟಗಳು ಬೋಳು ಬಂಡೆ. ಬಯಲಿನಲ್ಲಿ ಎಷ್ಟೋ ಕಡೆ ನೆಲ ಸುಟ್ಟು ಗಟ್ಟಿಯಾಗಿರುತ್ತದೆ. ನೀರು ತಡೆಯಲು ಗಿಡಮರ ಕಡಿಮೆ. ನಮ್ಮಲ್ಲಿ ವರ್ಷ ವರ್ಷ ಹರಿದು ದಾರಿ ಮಾಡಿಕೊಂಡ ತೋಡುಗಳಿವೆ, ನೇತ್ರಾವತಿ, ಸ್ವರ್ಣೆಯಂಥ ನದಿಗಳಿವೆ. ಇಷ್ಟಿದ್ದೂ 2020ರ ಸೆಪ್ಟೆಂಬರಿನಲ್ಲಿ ಉಡುಪಿ ಮುಳುಗಿತು, ಅಲ್ವಾ? ಗಲ್ಫಿನಲ್ಲಿ ನೀರಿಗೆ ಇರುವ ದಾರಿ ವಾದಿ, ಅಂದರೆ ಒಣ ಹಳ್ಳ. ವರ್ಷದ ಹೆಚ್ಚು ದಿನ ಅದು ಖಾಲಿ. ಹಾಗಾಗಿ ರಸ್ತೆಗಳು ಅದರೊಳಗೇ ಇಳಿದು ಹತ್ತುತ್ತವೆ.

ನನಗೆ ತುಂಬಾ ಭಯ ಹುಟ್ಟಿಸುವುದು ಈ ವಾದಿಗಳೇ. ಮಳೆ ದೂರದ ಬೆಟ್ಟದಲ್ಲಿ ಬಿದ್ದಿರುತ್ತದೆ. ಇಲ್ಲಿ ಬಿಸಿಲು ಇರಬಹುದು. ಒಮ್ಮೆಲೇ ಕೆಸರು, ಕಲ್ಲು ಹೊತ್ತ ನೀರು ನುಗ್ಗುತ್ತದೆ. 2024ರ ಅದೇ ಏಪ್ರಿಲ್ 14ರಂದು ಒಮಾನಿನಲ್ಲಿ ಶಾಲಾ ಮಕ್ಕಳಿದ್ದ ವಾಹನ ಹೀಗೆ ಕೊಚ್ಚಿಹೋಯಿತು. ಹೇಳುವಾಗಲೂ ಸಂಕಟವಾಗುತ್ತದೆ.

ಓಡುವ ನೀರು ಒಂದು ಅಡಿ ಇದ್ದರೆ ಸಣ್ಣ ಕಾರು ತೇಲಬಹುದು. ಎರಡು ಅಡಿ ಇದ್ದರೆ ದೊಡ್ಡ ಗಾಡಿಯೂ ಹೋಗುತ್ತದೆ. ಯುಎಇಯಲ್ಲಿ ತುಂಬಿದ ವಾದಿಗೆ ಗಾಡಿ ಇಳಿಸಿದರೆ 2,000 ದಿರ್ಹಮ್ ದಂಡ, 60 ದಿನ ಗಾಡಿ ಜಪ್ತಿ ಎಂದು 2023ರಲ್ಲಿ ನಿಯಮ ತಂದಿದ್ದಾರೆ. ಸುಮ್ನೆ ತಂದದ್ದಲ್ಲ.

ಇನ್ನು ಮಳೆ ಎಂದು ಮಗನೋ ತಂಗಿಯೋ ಫೋನ್ ಮಾಡಿದರೆ ಹೀಗೆ ಹೇಳಿ: "ಇವತ್ತು ಕೆಲಸಕ್ಕೆ ರಜೆ ಕೇಳು. ಗಾಡಿ ತೆಗೀಬೇಡ. ಹೊರಗಿದ್ದರೆ ಎತ್ತರದ ಜಾಗಕ್ಕೆ ಹೋಗು. ಮಳೆ ನಿಂತರೂ ವಾದಿಯ ನೀರು ಪೂರ್ತಿ ಇಳಿಯುವ ತನಕ ದಾಟಬೇಡ."