ಓಡುತ್ತಿರುವ ಸರ್ವರಿನ ಆಪರೇಟಿಂಗ್ ಸಿಸ್ಟಮ್ ಬದಲಿಸುವ ಮುನ್ನ

ಕ್ಲೌಡ್ ಸರ್ವರನ್ನು ಬಾಡಿಗೆಗೆ ಪಡೆದವರಿಗೆ ಒಂದಲ್ಲ ಒಂದು ದಿನ ಈ ಸಮಸ್ಯೆ ಎದುರಾಗುತ್ತದೆ: ಈಗಿರುವ ಆಪರೇಟಿಂಗ್ ಸಿಸ್ಟಮ್‌ಗೆ ಮುಂದೆ ಬೆಂಬಲವಿಲ್ಲ, ಬೇಕಾದ ಸಿಸ್ಟಮ್ ಬಾಡಿಗೆ ಕೊಟ್ಟವರ ಪಟ್ಟಿಯಲ್ಲಿಲ್ಲ. ಸೆಂಟ್‌ಓಎಸ್ ಎಂಬ ಲಿನಕ್ಸ್ ಸಿಸ್ಟಮ್‌ನ 8ನೇ ಆವೃತ್ತಿಯನ್ನು ನಂಬಿದ್ದವರಿಗೆ 2020ರ ಡಿಸೆಂಬರಿನಲ್ಲಿ ಅದರ ಆಯುಸ್ಸು 2021ರ ಕೊನೆಗೆ ಮುಗಿಯುತ್ತದೆ ಎಂಬ ಸುದ್ದಿ ಬಂತು. ಸೆಂಟ್‌ಓಎಸ್ 7ರ ಬೆಂಬಲವೂ 2024ರ ಜೂನ್ 30ಕ್ಕೆ ನಿಂತಿತು. ಹೊಸ ಸರ್ವರ್ ತೆಗೆದುಕೊಂಡರಾಯಿತಲ್ಲ ಎಂದು ನೀವು ಕೇಳಬಹುದು. ಸಾಧ್ಯವಿದ್ದರೆ ಹಾಗೆಯೇ ಮಾಡಿ. ಆದರೆ ಇಮೇಲ್ ಕಳಿಸುವ ಸರ್ವರಿನ ಐಪಿ ವಿಳಾಸ ಬಹುಕಾಲ ಶಿಸ್ತಿನಿಂದ ನಡೆದುಕೊಂಡು ಗಳಿಸಿದ ವಿಶ್ವಾಸವನ್ನು ಹೊತ್ತಿರುತ್ತದೆ. ಅದನ್ನು ಬಿಟ್ಟುಕೊಟ್ಟರೆ ಮತ್ತೆ ಮೊದಲಿನಿಂದ ಆರಂಭಿಸಬೇಕು. ಅಂಥ ಕಡೆ ಯಂತ್ರವನ್ನು ಉಳಿಸಿಕೊಂಡು ಒಳಗಿನ ಸಿಸ್ಟಮ್ ಬದಲಿಸುವುದು ನ್ಯಾಯವಾದ ಕೆಲಸ, ಅದನ್ನು ಕಲಿಯುವ ಹಕ್ಕು ಬಾಡಿಗೆ ಕಟ್ಟುವ ಪ್ರತಿಯೊಬ್ಬರಿಗೂ ಇದೆ. ದೂರದಿಂದ ಸರ್ವರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಹೊರತಾಗಿ ಒಳಹೋಗುವ ಇನ್ನೊಂದು ಬಾಗಿಲು ಇಲ್ಲದೆ ಮಾತ್ರ ಅದಕ್ಕೆ ಕೈಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ತೊಡಕು ಇರುವುದು ಇಲ್ಲಿ: ಅಳಿಸಬೇಕಾದ ಡಿಸ್ಕಿನ ಮೇಲೆಯೇ ನಾವು ಲಾಗಿನ್ ಆಗಿರುವ ಸಿಸ್ಟಮ್ ಕೂತಿದೆ. ಆದ್ದರಿಂದ ಮೊದಲು ಮೆಮೊರಿಯಲ್ಲಿ ಒಂದು ಪುಟ್ಟ ಸಿಸ್ಟಮ್ ಕಟ್ಟಿಕೊಂಡು ಅದರೊಳಗೆ ಸ್ಥಳಾಂತರವಾಗಬೇಕು. ಹಳೆಯ ವಿಧಾನದಲ್ಲಿ ಪಿವಟ್‌ರೂಟ್ ಎಂಬ ಕಮಾಂಡ್ ಬಳಸಿ ಮೂಲ ಡೈರೆಕ್ಟರಿಯನ್ನೇ ಮೆಮೊರಿಗೆ ತಿರುಗಿಸಿ, ಅಲ್ಲಿಂದ ಹೊಸ ಎಸ್‌ಎಸ್‌ಎಚ್ ಸೇವೆಯನ್ನು ಎಬ್ಬಿಸಿ, ಹಳೆಯ ಪ್ರಕ್ರಿಯೆಗಳನ್ನು ಒಂದೊಂದಾಗಿ ನಿಲ್ಲಿಸಿ ಡಿಸ್ಕನ್ನು ಬಿಡಿಸಿಕೊಳ್ಳುತ್ತಾರೆ. ಎಲ್ಲೋ ಒಂದು ಪ್ರಕ್ರಿಯೆ ಒಂದು ಫೈಲನ್ನು ಹಿಡಿದು ಕೂತಿದ್ದರೂ ಡಿಸ್ಕ್ ಬಿಡುಗಡೆಯಾಗುವುದಿಲ್ಲ. ನಾನು ಮೆಚ್ಚುವುದು ಕೆಎಕ್ಸೆಕ್ ವಿಧಾನವನ್ನು. 2005ರಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿರುವ ಈ ಸೌಲಭ್ಯ, ಹೊಸ ಕರ್ನಲನ್ನೂ ಅದರ ಆರಂಭಿಕ ಫೈಲ್ ವ್ಯವಸ್ಥೆಯನ್ನೂ ಮೆಮೊರಿಗೆ ತುಂಬಿ, ಯಂತ್ರವನ್ನು ಎಬ್ಬಿಸುವ ಫರ್ಮ್‌ವೇರ್‌ಗೆ ಹಿಂತಿರುಗದೆ ನೇರವಾಗಿ ಅದಕ್ಕೆ ಜಿಗಿಯುತ್ತದೆ. ಜಿಗಿದ ಮೇಲೆ ಡಿಸ್ಕನ್ನು ಹಿಡಿದುಕೊಂಡವರು ಯಾರೂ ಇರುವುದಿಲ್ಲ. ಹೊಸ ಸಿಸ್ಟಮ್ ಪೂರ್ತಿ ಹಿಡಿಸುವಷ್ಟು ಮೆಮೊರಿ ಬೇಕು, ಅಷ್ಟೆ. ಕಂಟೇನರ್ ಮಾದರಿಯ ಸರ್ವರಿನಲ್ಲಿ ಕರ್ನಲ್ ಆತಿಥೇಯ ಯಂತ್ರದ್ದಾದ್ದರಿಂದ ಈ ಮಾತೇ ಇಲ್ಲ.

ಓಡುತ್ತಿರುವ ಡಿಸ್ಕಿನ ಮೇಲೆಯೇ ಡಿಡಿ ಕಮಾಂಡಿನಿಂದ ಹೊಸ ಇಮೇಜನ್ನು ಬರೆದುಬಿಡುವವರೂ ಇದ್ದಾರೆ. ದಯವಿಟ್ಟು ಬೇಡ. ಹಳೆಯ ಕರ್ನಲ್ ತನ್ನ ಫೈಲ್ ವ್ಯವಸ್ಥೆ ಇನ್ನೂ ಇದೆಯೆಂದೇ ನಂಬಿ ಹೊಸದರ ಮೇಲೆ ಬರೆಯುತ್ತಲೇ ಇರುತ್ತದೆ, ಮೆಮೊರಿಯಲ್ಲಿ ಮೊದಲೇ ಉಳಿದಿರದ ಯಾವ ಕಮಾಂಡೂ ಆಮೇಲೆ ಸಿಗುವುದಿಲ್ಲ, ರೀಬೂಟ್ ಸಹ.

ಇಷ್ಟೆಲ್ಲ ಸರಿಯಾಗಿ ನಡೆದ ಮೇಲೂ ಸರ್ವರ್ ಕೈತಪ್ಪುವುದು ಸಾಮಾನ್ಯವಾಗಿ ನೆಟ್‌ವರ್ಕಿನಿಂದ. ನನಗೆ ಆದದ್ದೂ ಅದೇ. ಹೊಸ ಸಿಸ್ಟಮ್ ಅನುಸ್ಥಾಪನೆಯಾಯಿತು, ರೀಬೂಟ್ ಒತ್ತಿದೆ, ಎಸ್‌ಎಸ್‌ಎಚ್ ಸಂಪರ್ಕ ಕಡಿಯಿತು, ಪಿಂಗ್‌ಗೆ ಉತ್ತರ ಬರಲೇ ಇಲ್ಲ. ಹತ್ತು ನಿಮಿಷ ಕಾದು ಬ್ರೌಸರಿನಲ್ಲಿ ಕನ್ಸೋಲ್, ಅಂದರೆ ಬಾಡಿಗೆ ಕೊಟ್ಟವರು ತೋರಿಸುವ ಸರ್ವರಿನ ಪರದೆ, ತೆರೆದರೆ, ಯಂತ್ರ ಆರೋಗ್ಯವಾಗಿ ಎದ್ದು ಲಾಗಿನ್ ಸಾಲಿನಲ್ಲಿ ಕಾಯುತ್ತಿತ್ತು. ಅದರ ವಿಳಾಸ /32 ಆಗಿತ್ತು, ಎಂದರೆ ಅದರ ಸಬ್‌ನೆಟ್ಟಿನಲ್ಲಿ ಆ ಒಂದೇ ವಿಳಾಸವಿತ್ತು, ಹೊರಜಗತ್ತಿಗೆ ದಾರಿಯಾದ ಗೇಟ್‌ವೇ ಅದರಲ್ಲಿರಲಿಲ್ಲ. ಗೇಟ್‌ವೇ ಇದೇ ಕೊಂಡಿಯಲ್ಲಿದೆ ಎಂದು ಹೇಳುವ ಒಂದು ಸಾಲನ್ನು ನಾನು ಬರೆದಿರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಎಸ್‌ಎಸ್‌ಎಚ್ ಕೀಲಿಯಿಂದಲೇ ಒಳಹೋಗುವ ಅಭ್ಯಾಸದಿಂದ ರೂಟ್‌ಗೆ, ಅಂದರೆ ಸರ್ವರಿನ ಮುಖ್ಯ ಖಾತೆಗೆ, ಪಾಸ್‌ವರ್ಡ್ ಇಟ್ಟಿರಲಿಲ್ಲ. ಬಾಗಿಲು ಕಣ್ಣೆದುರೇ ಇತ್ತು, ಒಳಹೋಗುವ ದಾರಿ ಇರಲಿಲ್ಲ. ಬೇರೊಂದು ತಾತ್ಕಾಲಿಕ ಸಿಸ್ಟಮ್‌ನಿಂದ ಎಬ್ಬಿಸುವ ರೆಸ್ಕ್ಯೂ ಮೋಡಿನಲ್ಲಿ ಬೂಟ್ ಮಾಡಿ, ಡಿಸ್ಕ್ ಮೌಂಟ್ ಮಾಡಿ, ಆ ಒಂದು ಸಾಲು ಸೇರಿಸುವಷ್ಟರಲ್ಲಿ ರಾತ್ರಿ ಕಳೆದಿತ್ತು. ಆ ಸರ್ವರನ್ನು ನೆಚ್ಚಿಕೊಂಡ ಜನರಿದ್ದರು. ಅವರ ಪತ್ರಗಳು ಅಷ್ಟು ಹೊತ್ತು ಎಲ್ಲೋ ಕಾಯುತ್ತಿದ್ದವು ಎಂಬುದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಹಳೆಯ ಸಿಸ್ಟಮ್‌ನಲ್ಲಿ ನೆಟ್‌ವರ್ಕ್ ಇಂಟರ್ಫೇಸಿನ ಹೆಸರು ಒಂದಿದ್ದು ಹೊಸದರಲ್ಲಿ ಇನ್ನೊಂದಾಗುವುದೂ ಉಂಟು, ಹಾಗಾಗಿ ಹೆಸರನ್ನು ನಂಬದೆ ಆ ಇಂಟರ್ಫೇಸಿನದೇ ಗುರುತಾದ ಮ್ಯಾಕ್ ವಿಳಾಸದಿಂದ ಗುರುತಿಸುವುದು ಮೇಲು. ಹೊಸ ಆರಂಭಿಕ ಫೈಲ್ ವ್ಯವಸ್ಥೆಯಲ್ಲಿ ಕ್ಲೌಡ್ ಯಂತ್ರದ ವರ್ಚುವಲ್ ಡಿಸ್ಕನ್ನು ಕಾಣಿಸುವ ವರ್ಟ್‌ಐಒ ಡ್ರೈವರುಗಳು ಇವೆಯೇ ಎಂದು ನೋಡದಿದ್ದರೆ ಡಿಸ್ಕೇ ಕಾಣಿಸದೆ ಬೂಟ್ ಅರ್ಧಕ್ಕೆ ನಿಲ್ಲುತ್ತದೆ.

ಬದಲಾವಣೆಯ ನಂತರ ಮೊದಲ ಸಲ ಲಾಗಿನ್ ಆಗುವಾಗ, ಸರ್ವರಿನ ಗುರುತು ಬದಲಾಗಿದೆ ಎಂದು ಎಸ್‌ಎಸ್‌ಎಚ್ ಎಚ್ಚರಿಸುತ್ತದೆ. ಬಹಳ ಜನ ಹಳೆಯ ದಾಖಲೆಯನ್ನು ಅಳಿಸಿ ಕಣ್ಣುಮುಚ್ಚಿ ಒಪ್ಪಿಕೊಳ್ಳುತ್ತಾರೆ. ಆ ಎಚ್ಚರಿಕೆ ಇರುವುದೇ ನಡುವೆ ಬೇರೆ ಯಾರೋ ನಿಂತಿದ್ದಾರೆಯೇ ಎಂದು ತಿಳಿಸಲು. ಸರ್ವರಿನ ಗುರುತಾದ ಹಳೆಯ ಹೋಸ್ಟ್ ಕೀಲಿಗಳನ್ನು ಮೊದಲೇ ನಕಲಿಸಿ ಹೊಸ ಸಿಸ್ಟಮ್‌ಗೆ ಹಾಕಿದರೆ ಎಚ್ಚರಿಕೆಯೇ ಬರುವುದಿಲ್ಲ. ಆಗ ಬಂದರೆ, ಅದು ನಿಜವಾಗಿಯೂ ನಿಂತು ನೋಡಬೇಕಾದ ಎಚ್ಚರಿಕೆ.

ಈಗ ನಾನು ಕೆಲಸಕ್ಕಿಳಿಯುವ ಮುನ್ನ ವಿಳಾಸ, ಗೇಟ್‌ವೇ, ಮ್ಯಾಕ್ ಈ ಮೂರನ್ನೂ ಸರ್ವರಿನಲ್ಲಲ್ಲ, ಕಾಗದದ ಮೇಲೆ ಬರೆದುಕೊಳ್ಳುತ್ತೇನೆ. ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ತೆರೆದು ಫೈಲುಗಳನ್ನು ಓದಿ ನೋಡುತ್ತೇನೆ. ಹೊಸ ಸಿಸ್ಟಮ್‌ನ ರೂಟ್‌ಗೂ ಪಾಸ್‌ವರ್ಡ್ ಇಟ್ಟಾಗಿದೆಯೇ ಎಂದು ಎರಡು ಸಲ ನೋಡುತ್ತೇನೆ, ಕನ್ಸೋಲಿನಲ್ಲಿ ಪಾಸ್‌ವರ್ಡ್ ಹಾಕಿ ಒಮ್ಮೆ ನಿಜವಾಗಿ ಒಳಹೋಗಿ, ಆ ಕಿಟಕಿಯನ್ನು ಮುಚ್ಚದೆ ಪಕ್ಕದಲ್ಲಿಟ್ಟುಕೊಂಡು, ಆಮೇಲೆ ಕೆಎಕ್ಸೆಕ್ ಕಮಾಂಡನ್ನು ಬರೆಯುತ್ತೇನೆ.