ನಿಮ್ಮ ಕಾರಿನ ಪುಸ್ತಕ ಎಲ್ಲಿದೆ?

ಕೇಳುಗರಿಗೆಲ್ಲ ನಮಸ್ಕಾರ. ಮನೆಯಲ್ಲೇ ಕಾರು ರಿಪೇರಿ ಮಾಡಿಕೊಳ್ಳುವುದರ ಬಗ್ಗೆ ಮಾತಾಡಿ ಎಂದು ಹಾಸನ ಆಕಾಶವಾಣಿಯವರು ಕರೆದಿದ್ದಾರೆ. ಗ್ಯಾರೇಜ್ ನಡೆಸುವವನನ್ನೇ ಕರೆದು ಇದನ್ನು ಕೇಳಿದ್ದಾರಲ್ಲ, ಅವರ ಧೈರ್ಯ ಮೆಚ್ಚಬೇಕು. ಆದರೂ ಖುಷಿಯಿಂದಲೇ ಬಂದಿದ್ದೇನೆ. ಸಣ್ಣಪುಟ್ಟದ್ದಕ್ಕೆಲ್ಲ ಗ್ಯಾರೇಜಿಗೆ ಓಡಿ ಬರಬೇಡಿ ಎಂದು ಎಲ್ಲರಿಗೂ ಒಟ್ಟಿಗೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಯಾವುದಿದೆ?

ಮೊದಲು ನಿಮಗೊಂದು ಕೆಲಸ ಕೊಡುತ್ತೇನೆ. ಕಾರಿನಲ್ಲಿ ಎಡಗಡೆ ಸೀಟಿನ ಮುಂದೆ, ಡ್ಯಾಶ್‌ಬೋರ್ಡಿನಲ್ಲಿ ಒಂದು ಪುಟ್ಟ ಬಾಗಿಲಿದೆಯಲ್ಲ, ಅದನ್ನು ತೆಗೆಯಿರಿ. ಟೋಲ್ ಚೀಟಿ, ಹಳೇ ಕನ್ನಡಕ, ದೇವಸ್ಥಾನದ ಕುಂಕುಮದ ಪೊಟ್ಟಣ, ಎಲ್ಲದರ ಅಡಿಯಲ್ಲಿ ಒಂದು ದಪ್ಪ ಪುಸ್ತಕ ಇರುತ್ತದೆ. ಕಾರು ಕೊಂಡಾಗ ಕಂಪನಿಯವರು ಕೊಟ್ಟದ್ದು. ನನ್ನ ಹತ್ತಿರ ಬರುವ ಎಷ್ಟೋ ಕಾರುಗಳಲ್ಲಿ ಆ ಪುಸ್ತಕದ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರುವುದಿಲ್ಲ. ಲಕ್ಷ ಲಕ್ಷ ಕೊಟ್ಟು ಕಾರು ತಗೊಂಡಿದ್ದೀರಿ ಸ್ವಾಮಿ, ಜೊತೆಗೆ ಪುಕ್ಕಟೆ ಬಂದ ಪುಸ್ತಕ ಓದುವುದಕ್ಕೇನು ಕಷ್ಟ?

ನಾನು ಇವತ್ತು ಹೇಳುವುದು ಇಷ್ಟೇ. ಪಾನಾ ಹಿಡಿಯುವ ಮುಂಚೆ ಪುಸ್ತಕ ಹಿಡಿಯಿರಿ.

ಈಗ ಎಲ್ಲರೂ ಮೊಬೈಲಿನಲ್ಲಿ ವಿಡಿಯೋ ನೋಡಿ ರಿಪೇರಿಗೆ ಇಳಿಯುತ್ತಾರೆ. ನೋಡಲಿ, ನಾನೂ ನೋಡುತ್ತೇನೆ. ಆದರೆ ವಿಡಿಯೋದಲ್ಲಿ ಇರುವುದು ನಿಮ್ಮ ಕಾರಲ್ಲ. ಹೆಸರು ಒಂದೇ ಇರಬಹುದು, ಎಂಜಿನ್ ಬೇರೆ, ವರ್ಷ ಬೇರೆ. ನಿಮ್ಮ ಎಂಜಿನ್ನಿಗೆ ಯಾವ ಆಯಿಲ್, ಎಷ್ಟು ಲೀಟರ್, ಎಂಜಿನ್ ತಣ್ಣಗಿಡುವ ಕೂಲೆಂಟ್ ಯಾವುದು, ಜ್ಯಾಕ್ ಎಲ್ಲಿ ಕೊಡಬೇಕು, ಯಾವ ಫ್ಯೂಸ್ ಯಾವುದಕ್ಕೆ, ಎಲ್ಲವೂ ಆ ಪುಸ್ತಕದಲ್ಲಿದೆ.

ಫ್ಯೂಸ್ ಅಂದೆನಲ್ಲ, ಒಂದು ಸಂಗತಿ ಹೇಳಲೇಬೇಕು. ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು. ಜುಲೈ ತಿಂಗಳಲ್ಲಿ ಗಂಡ ಹೆಂಡತಿ ಧರ್ಮಸ್ಥಳಕ್ಕೆ ಹೋಗಿ, ಚಾರ್ಮಾಡಿ ಘಾಟಿ ಹತ್ತಿ ವಾಪಸ್ ಬರುತ್ತಿದ್ದರು. ಘಾಟಿಯ ಉದ್ದಕ್ಕೂ ವೈಪರ್ ನರಳುತ್ತಾ ನಿಧಾನಕ್ಕೆ ಆಡುತ್ತಿತ್ತಂತೆ. ಇವರು ಏನು ಮಾಡಿದರು ಗೊತ್ತಾ? ಆ ಸದ್ದು ಕೇಳಬಾರದು ಅಂತ ರೇಡಿಯೋ ಜೋರು ಮಾಡಿದರು! ಕೊಟ್ಟಿಗೆಹಾರಕ್ಕೆ ಬರುವ ಹೊತ್ತಿಗೆ ವೈಪರ್ ಪೂರ್ತಿ ನಿಂತಿತು. ಅಲ್ಲಿನ ಜುಲೈ ಮಳೆ ನಿಮಗೆ ಗೊತ್ತೇ ಇದೆ. ನೀರ್ ದೋಸೆ ತಿಂದರು, ಕಾಫಿ ಕುಡಿದರು, ಇನ್ನೊಂದು ಕಾಫಿ ಕುಡಿದರು. ಮಳೆ ನಿಲ್ಲಲಿಲ್ಲ.

ಅಷ್ಟರಲ್ಲಿ ಯಾರೋ ಹಿರಿಯರು ಉಪಾಯ ಹೇಳಿದರು. ಆಲೂಗಡ್ಡೆ ಕೊಯ್ದು ಗಾಜಿಗೆ ಉಜ್ಜಿ, ನೀರು ನಿಲ್ಲದೆ ಜಾರುತ್ತೆ ಅಂತ. ಹಳೇ ಲಾರಿ ಡ್ರೈವರುಗಳ ಉಪಾಯ, ಸ್ವಲ್ಪ ಹೊತ್ತಿಗೆ ನಡೆಯುತ್ತದೆ. ಸರಿ, ಅಂಗಡಿಯಲ್ಲಿ ಒಂದು ಕೆ.ಜಿ. ಆಲೂಗಡ್ಡೆ ತಗೊಂಡರು. ಹಾಸನದ್ದೇ ಇರಬೇಕು, ನಮ್ಮ ಆಲೂಗಡ್ಡೆ ಎಲ್ಲಿಗೆ ಹೋಗುವುದಿಲ್ಲ ಹೇಳಿ! ಯಜಮಾನರು ಸ್ಟೇರಿಂಗ್ ಬಿಡಲಿಲ್ಲ. ಅಮ್ಮನವರು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಆಲೂಗಡ್ಡೆ. ಸ್ವಲ್ಪ ದೂರ ಹೋಗುವುದು, ನಿಲ್ಲಿಸುವುದು, ಇಳಿದು ಉಜ್ಜುವುದು. ಬಣಕಲ್ ದಾಟುವ ಹೊತ್ತಿಗೆ ಅಮ್ಮನವರು, "ನೀವು ಇಳೀರಿ, ಗಾಡಿ ನಾನು ಓಡಿಸ್ತೀನಿ" ಅಂದರಂತೆ. ಊರು ಸೇರುವಷ್ಟರಲ್ಲಿ ಆಲೂಗಡ್ಡೆ ಖಾಲಿ.

ಮಾರನೇ ದಿನ ಯಾವುದೋ ಗ್ಯಾರೇಜಿಗೆ ತೋರಿಸಿದರು. ಬಾನೆಟ್ ಕೂಡ ಎತ್ತದೆ, "ಮೋಟಾರ್ ಸುಟ್ಟಿದೆ, ಹೊಸದು ಹಾಕಬೇಕು, ನಾಲ್ಕು ಸಾವಿರ" ಅಂದುಬಿಟ್ಟರು. ಅಮ್ಮನವರಿಗೆ ಯಾಕೋ ಅನುಮಾನ. ಮಳೆ ಬಿಟ್ಟ ದಿನ ನೋಡಿ ಹಾಸನಕ್ಕೆ ನೆಂಟರ ಮನೆಗೆ ಬಂದವರು ನನ್ನ ಹತ್ತಿರ ಕಾರು ತಂದರು. ನಾನು ಪಾನಾ ಮುಟ್ಟಲಿಲ್ಲ. "ಪುಸ್ತಕ ಕೊಡಿ" ಅಂದೆ. ಯಜಮಾನರು, "ಯಾವ ಪುಸ್ತಕ?" ಅಂದರು. ಹೊಳೆಯುವ ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇತ್ತು!

ಫ್ಯೂಸಿನ ಪುಟ ತೆಗೆದು ಅಮ್ಮನವರ ಕೈಗೇ ಕೊಟ್ಟೆ. ವೈಪರ್ ಫ್ಯೂಸ್ ಯಾವುದೆಂದು ಚಿತ್ರ ನೋಡಿ ಅವರೇ ಹುಡುಕಿದರು, ಅವರೇ ಕಿತ್ತರು. ಬೆಳಕಿಗೆ ಹಿಡಿದರೆ ಒಳಗಿನ ತಂತಿ ತುಂಡಾಗಿತ್ತು. ಬೇರೆ ಫ್ಯೂಸ್ ತರಲು ಅಂಗಡಿಗೂ ಹೋಗಬೇಕಾಗಲಿಲ್ಲ, ಫ್ಯೂಸ್ ಬಾಕ್ಸಿನಲ್ಲೇ ಕಂಪನಿಯವರು ಒಂದು ಜಾಸ್ತಿ ಇಟ್ಟಿದ್ದರು. ಆದರೆ ಅದನ್ನು ಹಾಕಲು ನಾನು ಬಿಡಲಿಲ್ಲ. ಫ್ಯೂಸ್ ಸುಮ್ನೆ ಹೋಗುವುದಿಲ್ಲ. ಬಾನೆಟ್ ಎತ್ತಿದೆ. ಗಾಜಿನ ಬುಡದಲ್ಲಿ, ವೈಪರಿನ ಸರಳುಗಳು ಆಡುವ ಜಾಗದಲ್ಲಿ, ಸಿಲ್ವರ್ ಓಕ್ ಎಲೆ ಒಂದು ಬೊಗಸೆ, ನಡುವೆ ಒಂದು ಕಡ್ಡಿ ಸಿಕ್ಕಿಕೊಂಡಿತ್ತು. ಕಾರು ನಿಲ್ಲಿಸುವುದು ತೋಟದ ಮರದ ಕೆಳಗೆ ಅಲ್ವಾ? ಕಡ್ಡಿ ತಡೆಯಿತು, ಮೋಟಾರ್ ತಿರುಗಲಾರದೆ ಜಾಸ್ತಿ ಕರೆಂಟ್ ಎಳೆಯಿತು, ಫ್ಯೂಸ್ ಹೋಯಿತು. ಎಲೆ ಬಳಿದು ಹಾಕಿ, ಹಳದಿ ಬಣ್ಣದ 20 ಆಂಪಿಯರ್ ಫ್ಯೂಸ್ ಕೂರಿಸಿದೆವು. ವೈಪರ್ ಆಡಿತು. ಆಗ ಅಮ್ಮನವರು ಯಜಮಾನರ ಕಡೆ ಒಂದು ನೋಟ ನೋಡಿದರು. ಅದನ್ನು ರೇಡಿಯೋದಲ್ಲಿ ತೋರಿಸಲು ಆಗುವುದಿಲ್ಲ.

ಫ್ಯೂಸಿನ ಬಣ್ಣ ನೆನಪಿಡಿ. 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಹಳದಿ ಇದ್ದ ಕಡೆ ಹಳದಿಯೇ. "ಪದೇ ಪದೇ ಹೋಗುತ್ತೆ" ಅಂತ ಹಸಿರು ಹಾಕುವವರಿದ್ದಾರೆ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ಮಹಾನುಭಾವರೂ ಇದ್ದಾರೆ. ಫ್ಯೂಸ್ ಉಳಿಯುತ್ತದೆ, ವೈರ್ ಹೊತ್ತಿ ಉರಿಯುತ್ತದೆ. ದಯವಿಟ್ಟು ಬೇಡ.

ಆಲೂಗಡ್ಡೆಯಲ್ಲೇ ಅರ್ಧ ಹೊತ್ತು ಕಳೆಯಿತು. ಉಳಿದದ್ದು ಬೇಗ ಹೇಳುತ್ತೇನೆ.

ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಮೈನಸ್ ಕೊನೆಗೆ. ತುದಿಯಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಬಿಸಿ ನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಬ್ರಷ್ಷಿನಲ್ಲಿ ಉಜ್ಜಿ, ಒರೆಸಿ.

ಕೂಲೆಂಟ್ ನೋಡುವುದು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ. ಡಬ್ಬಿಯ ಮೇಲೆ ಎರಡು ಗೆರೆ ಇರುತ್ತವೆ, ನಡುವೆ ಇರಬೇಕು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಒಳಗೆ ಒತ್ತಡದಲ್ಲಿ 100 ಡಿಗ್ರಿಗೂ ಮೇಲೆ ಕಾದ ನೀರಿರುತ್ತದೆ, ಮುಚ್ಚಳ ತೆಗೆದ ಕೂಡಲೇ ಮುಖಕ್ಕೆ ಚಿಮ್ಮುತ್ತದೆ.

ಸ್ಟೆಪ್ನಿ ಬದಲಾಯಿಸುವಾಗ ಹ್ಯಾಂಡ್‌ಬ್ರೇಕ್ ಹಾಕಿ, ಬೇರೆ ಚಕ್ರಕ್ಕೆ ಕಲ್ಲು ಕೊಡಿ. ಚಕ್ರ ನೆಲದ ಮೇಲಿರುವಾಗಲೇ ನಟ್ಟು ಸ್ವಲ್ಪ ಸಡಿಲ ಮಾಡಿ, ಆಮೇಲೆ ಜ್ಯಾಕ್ ಎತ್ತಿ. ತೋಟದ ಕೆಸರಿನಲ್ಲಿ ಜ್ಯಾಕ್ ಕೆಳಗೆ ಒಂದು ಹಲಗೆ ಇಡಿ. ಜ್ಯಾಕ್ ಎಲ್ಲಿ ಕೊಡಬೇಕು? ಪುಸ್ತಕದಲ್ಲಿದೆ. ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಮಾತ್ರ ನುಗ್ಗಬೇಡಿ, ಯಾರು ಏನೇ ಹೇಳಲಿ.

ಬ್ರೇಕ್ ಕೆಲಸ ಮನೆಯಲ್ಲಿ ಬೇಡವೇ ಬೇಡ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ನಮ್ಮ ಮಲೆನಾಡಿನಲ್ಲಿ ತೇವಕ್ಕೇನು ಕಡಿಮೆ? ಡಾಟ್ 4 ಅನ್ನುವ ಆಯಿಲ್ ಹೊಸದಿದ್ದಾಗ 230 ಡಿಗ್ರಿವರೆಗೂ ಕುದಿಯಬಾರದು. ತೇವ ಸೇರಿದ ಮೇಲೆ 155 ಡಿಗ್ರಿಗೇ ಕುದಿಯಬಹುದು. ಶಿರಾಡಿ ಘಾಟಿ ಇಳಿಯುವಾಗ ಸಣ್ಣ ಗೇರಿಗೆ ಹಾಕದೆ, ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಹೋದರೆ ಅದು ಕುದಿದು, ಪೆಡಲ್ ಸೀದಾ ಒಳಗೆ ಹೋಗುತ್ತದೆ. ಎಷ್ಟು ವರ್ಷಕ್ಕೆ ಬದಲಾಯಿಸಬೇಕು ಎಂದು ಪುಸ್ತಕದಲ್ಲಿ ನೋಡಿ, ಆ ಹೊತ್ತಿಗೆ ಗ್ಯಾರೇಜಿಗೆ ತನ್ನಿ. ಇದಕ್ಕೆ ಮಾತ್ರ ಬನ್ನಿ, ಬೇಡ ಅನ್ನುವುದಿಲ್ಲ.

ಪುಸ್ತಕ ಇಂಗ್ಲಿಷಿನಲ್ಲಿದೆ ಅನ್ನುತ್ತೀರಾ? ಚಿತ್ರಗಳಿವೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳೋ ಮೊಮ್ಮಗನೋ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ. ಸೆಕೆಂಡ್ ಹ್ಯಾಂಡ್ ಕಾರು, ಪುಸ್ತಕವೇ ಬಂದಿಲ್ಲ ಅನ್ನುವವರು ಕಂಪನಿಯ ವೆಬ್‌ಸೈಟಿನಲ್ಲಿ ನೋಡಿ. ಜಾಸ್ತಿ ಕಾರುಗಳದ್ದು ಅಲ್ಲಿ ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಮಾಡೆಲ್ ಜೊತೆ ವರ್ಷವನ್ನೂ ಸರಿಯಾಗಿ ನೋಡಿ ಇಳಿಸಿಕೊಳ್ಳಿ. ಘಾಟಿಯಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಮೊಬೈಲಿನಲ್ಲಿ ಮೊದಲೇ ಉಳಿಸಿಟ್ಟಿರಿ. ನಮಸ್ಕಾರ.